ಮಳೆಗಾಲದ ಮಣ್ಣುರೋಡಲ್ಲಿ ಜೀಪಿನ ಚಕ್ರ ಬಿಚ್ಚೋದು

ನಟ್ ಬಿಚ್ಚೋದು ಯಾರಿಗಾದ್ರೂ ಬರುತ್ತೆ ಮಾರಾಯ್ರೆ, ಕಷ್ಟ ಇರೋದು ಗಾಡಿ ಉರುಳದ ಹಾಗೆ, ಜಾಕಿ ಕೆಸರಲ್ಲಿ ಹೂತುಹೋಗದ ಹಾಗೆ ನೋಡ್ಕೊಳ್ಳೋದ್ರಲ್ಲಿ. ಕೊಡಚಾದ್ರಿ ಜೀಪ್ ದಾರಿಲಾಗ್ಲಿ, ಹೊಸನಗರ ತೀರ್ಥಹಳ್ಳಿ ಕಡೆ ತೋಟಕ್ಕಿಳಿಯೋ ರೋಡಲ್ಲಾಗ್ಲಿ ಸಮತಟ್ಟು ಜಾಗ ಸಿಗೋದೇ ಅಪರೂಪ. ಅದಕ್ಕೇ ಪಂಚರ್ ಆದ ಜಾಗದಲ್ಲೇ ನಿಲ್ಲಿಸ್ಬೇಡಿ, ಮೆಲ್ಲಗೆ ಹತ್ತಿಪ್ಪತ್ತು ಮಾರು ಹೋಗಿಯಾದ್ರೂ ಗಟ್ಟಿ ನೆಲ ಹುಡ್ಕಿ, ಟೈರ್ ಹಾಳಾಗ್ಬಹುದು ನಿಜ, ಇಳಿಜಾರಲ್ಲಿ ಜಾಕಿ ಜಾರೋದಕ್ಕಿಂತ ಅದು ವಾಸಿ.

ಮೊದ್ಲು ತೂತು ಎಲ್ಲಿದೆ ನೋಡಿ. ಟ್ಯೂಬ್‌ಲೆಸ್ ಆಗಿದ್ದು ಮೊಳೆ ಟ್ರೆಡ್ಡಲ್ಲೇ, ಅಂದ್ರೆ ನೆಲ ತಾಗೋ ಭಾಗದಲ್ಲೇ ಕಾಣ್ತಿದ್ರೆ ಚಕ್ರ ಬಿಚ್ಚೋ ಉಸಾಬರಿನೇ ಬೇಡ, ಅಲ್ಲೇ ತೂತಿಗೆ ಪಂಚರ್ ಕಿಟ್ಟಿನ ರಬ್ಬರ್ ಬತ್ತಿ ಹಾಕಿ ಗಾಳಿ ತುಂಬಿ. ಬಿದಿರು ಕೂಳೆ ಟೈರಿನ ಪಕ್ಕ ಸೀಳಿದ್ರೆ ಮಾತ್ರ ಬತ್ತಿ ನಿಲ್ಲಲ್ಲ, ಸ್ಟೆಪ್ನಿನೇ ಗತಿ.

ಈಗ ಮುಖ್ಯ ವಿಷಯ. ಹ್ಯಾಂಡ್ ಬ್ರೇಕ್ ಎಳೆದು, ಗೇರಲ್ಲಿಟ್ಟು, ಫೋರ್ ವೀಲೂ (ಮುಂದಿನ ಚಕ್ರಕ್ಕೂ ಎಂಜಿನ್ ಜೋಡಿಸೋದು) ಹಾಕಿಡಿ, ಮುಂದಿನ ಚಕ್ರನ ಆಕ್ಸಲ್ಲಿಂದ ಬಿಡಿಸೋಕೆ ಸೇರಿಸೋಕೆ ಬರೋ ಫ್ರೀ ವೀಲಿಂಗ್ ಹಬ್ ಇದ್ರೆ ಲಾಕ್ ಮಾಡಿ. ಯಾಕಂದ್ರೆ ವಿಲ್ಲಿಸ್ ಥರದ ಹಳೇ ಜೀಪಲ್ಲಿ ಹ್ಯಾಂಡ್ ಬ್ರೇಕ್ ಹಿಡಿಯೋದು ಚಕ್ರನ ಅಲ್ಲ, ಟ್ರಾನ್ಸ್‌ಫರ್ ಕೇಸ್ (ಹಿಂದೆ ಮುಂದಿನ ಚಕ್ರಕ್ಕೆ ಶಕ್ತಿ ಹಂಚೋ ಪೆಟ್ಟಿಗೆ) ಹಿಂದಿರೋ ಶಾಫ್ಟನ್ನ. ಹಿಂದಿನ ಒಂದು ಚಕ್ರ ನೆಲ ಬಿಟ್ಟ ಕೂಡ್ಲೇ ಎರಡು ಚಕ್ರ ಬೇರೆ ಬೇರೆ ತಿರುಗೋಕೆ ಬಿಡೋ ಡಿಫರೆನ್ಷಿಯಲ್ ದೆಸೆಯಿಂದ ಅದು ಗಾಳಿಯಲ್ಲಿ ಉಲ್ಟಾ ತಿರುಗುತ್ತೆ, ನೆಲದ ಮೇಲಿರೋ ಚಕ್ರ ಆರಾಮಾಗಿ ಉರುಳುತ್ತೆ, ಬ್ರೇಕ್ ಇದ್ದೂ ಇಲ್ಲದ ಹಾಗೆ. ಫೋರ್ ವೀಲ್ ಹಾಕಿದ್ರೆ ಮುಂದಿನ ಎರಡು ಚಕ್ರ ಹಿಡ್ಕೊಳ್ತವೆ. ಟ್ರಾನ್ಸ್‌ಫರ್ ಲಿವರ್ ನ್ಯೂಟ್ರಲಲ್ಲಿದ್ರೆ ಗೇರ್ ಹಾಕಿದ್ದೂ ದಂಡ. ಇಷ್ಟಾದ್ರೂ ಇಳಿಜಾರಿನ ಕಡೆ ಚಕ್ರಕ್ಕೆ ಕಲ್ಲು ಕೊಡ್ಲೇಬೇಕು, ಒದ್ದೆ ಜಂಬಿಟ್ಟಿಗೆ ಚೂರು ಬೇಡ, ಪುಡಿಯಾಗುತ್ತೆ, ಗಟ್ಟಿ ಕಗ್ಗಲ್ಲೇ ಆಗ್ಬೇಕು.

ಚಕ್ರ ನೆಲದ ಮೇಲಿರುವಾಗ್ಲೇ ನಟ್‌ಗಳನ್ನ ಅರ್ಧ ಸುತ್ತು ಸಡಿಲಿಸಿ, ಎತ್ತಿದ ಮೇಲೆ ಜಗ್ಗಿದ್ರೆ ಗಾಡಿ ಜಾಕಿಯಿಂದ ಬೀಳುತ್ತೆ. ತುಂಬಾ ಹಳೇ ವಿಲ್ಲಿಸ್‌ಗಳಲ್ಲಿ ಎಡಗಡೆ ಚಕ್ರದ ನಟ್ ಉಲ್ಟಾ ತ್ರೆಡ್ ಇರುತ್ತೆ, ಅಂದ್ರೆ ಬಲಕ್ಕೆ ತಿರುಗಿಸಿದ್ರೆ ಬಿಚ್ಚುತ್ತೆ, ಅಲುಗದೇ ಇದ್ರೆ ಪಾನಾಕ್ಕೆ ಪೈಪ್ ಸಿಕ್ಕಿಸೋಕೆ ಮುಂಚೆ ಅದನ್ನ ನೋಡಿ, ಇಲ್ಲಾಂದ್ರೆ ನಟ್ ಕೂರೋ ಸ್ಟಡ್ಡೇ ಮುರಿಯುತ್ತೆ.

ಜಾಕಿ ಅಡಿಗೆ ದಪ್ಪ ಹಲಗೆ ಬೇಕೇ ಬೇಕು, ಒಂದಡಿ ಚೌಕದ್ದು ಒಂದು ಗಾಡಿಯಲ್ಲೇ ಇಟ್ಕೊಳ್ಳಿ. ಜಿಪ್ಸಿ, ಹಳೇ ಜೀಪ್ ಆದ್ರೆ ಜಾಕಿನ ಆಕ್ಸಲ್‌ಗೆ, ಪ್ಲೇಟ್ (ಲೀಫ್ ಸ್ಪ್ರಿಂಗ್) ಹತ್ತಿರ ಕೊಡಿ, ಚಾಸಿಗೆ ಕೊಟ್ರೆ ಬಾಡಿ ಏಳುತ್ತೆ, ಪ್ಲೇಟ್ ಇಳಿತಾನೇ ಇರುತ್ತೆ, ಚಕ್ರ ಮಾತ್ರ ನೆಲ ಬಿಡಲ್ಲ. ಥಾರ್ ಥರದ್ದಕ್ಕೆ ಮುಂದೆ ಇಂಡಿಪೆಂಡೆಂಟ್ ಸಸ್ಪೆನ್ಷನ್ (ಪ್ರತಿ ಚಕ್ರಕ್ಕೂ ಬೇರೆ ಸ್ಪ್ರಿಂಗ್, ನಡುವೆ ಗಟ್ಟಿ ಆಕ್ಸಲ್ ಇಲ್ಲ) ಇರೋದ್ರಿಂದ ಅದ್ರ ಪುಸ್ತಕದಲ್ಲಿ ತೋರ್ಸಿರೋ ಜಾಗಕ್ಕೇ ಕೊಡಿ. ಏರಿಸ್ತಾ ಹಲಗೆ ಒಂದು ಕಡೆ ವಾಲಿದ್ರೆ ತಕ್ಷಣ ಇಳಿಸಿ ಮತ್ತೆ ಹೊಂದಿಸಿ. ಸ್ಟೆಪ್ನಿನ ಚಾಸಿ ಅಡಿಗೆ ಮಲಗಿಸಿಡಿ, ಜಾಕಿ ತಪ್ಪಿದ್ರೂ ಗಾಡಿ ಪೂರಾ ಕೂರಲ್ಲ. ಕೈಕಾಲು ಮಾತ್ರ ಅಡಿಗೆ ಹಾಕ್ಬೇಡಿ. ಈ ಹೊತ್ತಿಗೆ ಉಂಬಳ (ಜಿಗಣೆ) ಕಾಲು ಹತ್ತಿರುತ್ತೆ, ಆಮೇಲೆ ನೋಡ್ಕೊಳ್ಳಿ.

ನಟ್ ತೆಗೆದ್ರೂ ರಿಮ್ ತುಕ್ಕಿಗೆ ಕಚ್ಕೊಂಡಿದ್ರೆ, ನಟ್‌ಗಳನ್ನ ಮತ್ತೆ ಪೂರ್ತಿ ಏರಿಸಿ ಒಂದೆರಡು ಸುತ್ತು ಮಾತ್ರ ಸಡಿಲ ಬಿಟ್ಟು, ಗಾಡಿ ಇಳಿಸಿ, ಕಲ್ಲು ತೆಗೆದು ಒಂದೆರಡಡಿ ಹಿಂದೆ ಮುಂದೆ ಮಾಡಿ, ಬಿಟ್ಕೊಳುತ್ತೆ. ಎತ್ತಿದ ಗಾಡಿಗೆ ಸುತ್ತಿಗೆ ಏಟು ಬೇಡ.

ಹಾಕುವಾಗ ಹಬ್ ಮೇಲಿನ ಕೆಸರು ಒರೆಸಿ, ನಟ್‌ನ ಚೂಪು ಕಡೆ ರಿಮ್ಮಿಗೆ ಬರ್ಬೇಕು, ಒಂದು ಬಿಟ್ಟು ಒಂದರಂತೆ ಬಿಗಿ ಮಾಡಿ, ಪೂರ್ತಿ ಬಿಗಿ ಮಾತ್ರ ಚಕ್ರ ನೆಲಕ್ಕೆ ಕೂತ ಮೇಲೆ. ಟಾರ್ ರೋಡ್ ಹತ್ತೋಕೆ ಮುಂಚೆ ಫೋರ್ ವೀಲ್ ತೆಗೀರಿ, ಸ್ಟೆಪ್ನಿ ಬೇರೆ ಸೈಜ್ ಆಗಿದ್ರಂತೂ ಮರೀಲೇಬೇಡಿ, ಊರು ಮುಟ್ಟಿದ ಮೇಲೆ ನಟ್‌ಗೆ ಇನ್ನೊಂದ್ಸಲ ಪಾನಾ ಹಾಕಿ.