ಮಂಗನ ಕಾಯಿಲೆ: ಆರೋಗ್ಯ ಇಲಾಖೆಯ ಕ್ರಮ ಸರಿಯಿದೆಯೇ, ತಿಳಿಯುವುದು ಹೇಗೆ?

ಊರಿಗೆ ಜೀಪು ಬಂತು, ಮೈಕಿನಲ್ಲಿ ಕೂಗಿದರು, ರಸ್ತೆ ಬದಿಗೆ ಬ್ಲೀಚಿಂಗ್ ಪುಡಿ ಚೆಲ್ಲಿ ಹೋದರು. ಮಂಗನ ಕಾಯಿಲೆಗೆ ಇದರಿಂದ ಏನೂ ಆಗುವುದಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ಜ್ವರ ಮುಖ್ಯವಾಗಿ ಹಬ್ಬುವುದು ಉಣುಗು ಕಚ್ಚಿ. ಮನುಷ್ಯರಿಂದ ಮನುಷ್ಯರಿಗೆ ಅಂಟುವುದಿಲ್ಲ. ಹಾಗಾಗಿ ರೋಗಿಯ ಮನೆಯವರನ್ನು ದೂರ ಇಡುವುದು ದಂಡ. ಫಾಗಿಂಗ್ ಹೊಗೆಯೂ ಅಷ್ಟೇ, ಅದು ಸೊಳ್ಳೆಗೆ. ಉಣುಗಿಗೆ ರೆಕ್ಕೆಯಿಲ್ಲ!

ಮೊದಲು ಕ್ಯಾಲೆಂಡರ್ ನೋಡಿ. ಗಸಗಸೆ ಕಾಳಿನಷ್ಟಿರುವ ಎಳೆಯ ಉಣುಗುಗಳ ಕಾಟ ಹೆಚ್ಚುವುದು ಡಿಸೆಂಬರ್‌ನಿಂದ ಮೇವರೆಗೆ. ಮಲೆನಾಡಿನವರು ಕೊಟ್ಟಿಗೆಗೆ ಹಾಸಲು ದರಗು (ಒಣ ಎಲೆ) ಗುಡಿಸುವುದು, ಕಟ್ಟಿಗೆ ತರುವುದು ಇದೇ ದಿನಗಳಲ್ಲಿ. ಬಗ್ಗಿ ದರಗು ಬಾಚಿ ತುಂಬುವಾಗ ಕೈ, ಮೊಣಕಾಲು ಎಲ್ಲ ಉಣುಗಿನ ಬಾಯಿಗೇ. ಉಣುಗು ಹತ್ತದಂತೆ ಕಾಡಿಗೆ ಹೊರಡುವ ಮೊದಲು ಹಚ್ಚಿಕೊಳ್ಳುವ ಡೆಪಾ ಎಣ್ಣೆ ನವೆಂಬರ್‌ನಲ್ಲೇ ಮನೆ ಸೇರಿರಬೇಕು. ಯಾರೋ ಸತ್ತ ಮೇಲೆ ಫೆಬ್ರುವರಿಯಲ್ಲಿ ಫೋಟೊ ತೆಗೆಸಿಕೊಂಡು ಹಂಚಿದರೆ, ನನ್ನ ಲೆಕ್ಕದಲ್ಲಿ ಅದು ಸೋತ ಕೆಲಸ. ಬಾಟಲಿ ಕೊಟ್ಟವರು ಎಲ್ಲೆಲ್ಲಿ ಹಚ್ಚಬೇಕು, ಮರಳಿದ ಮೇಲೆ ಬಿಸಿನೀರಲ್ಲಿ ಮಿಂದು ಬಟ್ಟೆ ಒಗೆಯಬೇಕು ಎಂದು ಹೇಳಿದರೇ? ಅದನ್ನೂ ಕೇಳಿ.

ಆಮೇಲೆ ಸತ್ತ ಮಂಗದ ಕಥೆ. ಇದೇ ಕಾಯಿಲೆಗೆ ಮಂಗ ಸತ್ತು ಮೈ ತಣ್ಣಗಾಗುತ್ತಿದ್ದಂತೆ ಉಣುಗುಗಳು ಕೆಳಗಿಳಿದು ಸುತ್ತಲ ಎಲೆ, ಹುಲ್ಲಿಗೆ ಸೇರುತ್ತವೆ. ಅದಕ್ಕೇ ಸುತ್ತ 50 ಮೀಟರ್ ಮೆಲಾಥಿಯಾನ್ ಎಂಬ ಕೀಟನಾಶಕದ ಪುಡಿ ಹಾಕುವುದು, ಅತ್ತ ಜನ, ದನ ಸುಳಿಯದಂತೆ ತಡೆಯುವುದು. ಸುದ್ದಿ ಮುಟ್ಟಿಸಿದ ದಿನವೇ ಸಿಬ್ಬಂದಿ ಬಂದರೆ ಒಳ್ಳೆಯ ಲಕ್ಷಣ. ವಾರ ಬಿಟ್ಟು ಬಂದರೆ, ಅಷ್ಟರಲ್ಲಿ ಎಷ್ಟು ಹಸು ಅಲ್ಲಿ ಮೇಯ್ದಿರುತ್ತವೋ! ಇಡೀ ಕಾಡಿಗೇ ಯಾರೂ ಹೋಗಬೇಡಿ ಎಂಬ ಆದೇಶವನ್ನು ದನ ಕಟ್ಟಿದವರು ಪಾಲಿಸಲಾರರು, ಕಾಗದಕ್ಕಷ್ಟೇ ಚೆಂದ.

‘ಲಸಿಕೆ ಯಾಕೆ ಕೊಡುತ್ತಿಲ್ಲ?’ ಎಂಬ ಸಿಟ್ಟು ಸಹಜ. ಹಳೆಯ ಲಸಿಕೆಯನ್ನು ತಿಂಗಳ ಅಂತರದಲ್ಲಿ ಎರಡು ಸಲ ಕೊಟ್ಟು, ಮತ್ತೆ ಬೂಸ್ಟರ್ ಹಾಕಬೇಕಿತ್ತು. ಅಷ್ಟಾದರೂ ರಕ್ಷಣೆ ಪೂರ್ತಿಯಿರಲಿಲ್ಲ, 2022ರಲ್ಲಿ ನಿಲ್ಲಿಸಿದರು. ಇದನ್ನು ಮುಚ್ಚಿಡದೆ ಹೇಳುವ ಅಧಿಕಾರಿಯನ್ನು ನಾನು ನಂಬುತ್ತೇನೆ.

ಜ್ವರ ಬಂದವರ ರಕ್ತದ ವರದಿ ಎಷ್ಟು ದಿನಕ್ಕೆ ಕೈಸೇರಿತು ಎಂದೂ ವಿಚಾರಿಸಿ. ಈ ವೈರಸ್ಸಿಗೆಂದೇ ಔಷಧವಿಲ್ಲ, ಬೇಗ ಆಸ್ಪತ್ರೆ ಸೇರಿ ಆರೈಕೆ ಪಡೆಯುವುದೇ ದಾರಿ. ಇಲ್ಲೊಂದು ಮೋಸವಿದೆ: ಕೆಲವರಿಗೆ ಜ್ವರ ಬಿಟ್ಟು, ಒಂದೆರಡು ವಾರದ ಮೇಲೆ ತಲೆನೋವು, ನಡುಕದೊಂದಿಗೆ ಮರುಕಳಿಸುತ್ತದೆ. ಗುಣವಾಯಿತೆಂದು ಮನೆಗೆ ಕಳಿಸಿದವರ ಬಾಗಿಲಿಗೆ ಆಶಾ ಕಾರ್ಯಕರ್ತೆ ಆ ಹೊತ್ತಿಗೆ ಇನ್ನೊಮ್ಮೆ ಬಂದಿದ್ದರೇ?