ಮಸ್ತಗಿಯ ಪಾಲಿಮರ್ ಅಳೆದದ್ದು: ನನ್ನ ಅನುಭವ

ಯುನಾನಿ ಔಷಧದ ಅಂಗಡಿಗಳಲ್ಲಿ ರೂಮಿ ಮಸ್ತಗಿ ಎಂಬ ಹೆಸರಿನಲ್ಲಿ ಸಿಗುವ ರಾಳ ಗ್ರೀಸಿನ ಖಿಯೋಸ್ ದ್ವೀಪದ್ದು. ಅದರ ಸುಮಾರು ಕಾಲು ಭಾಗ, ಮಿರ್ಸೀನ್ ಎಂಬ ಸಣ್ಣ ಅಣುಗಳು ಉದ್ದ ಸರಪಳಿಯಾಗಿ ಒಂದಕ್ಕೊಂದು ಬೆಸೆದುಕೊಂಡು ಆದ ಪಾಲಿಮರ್. ಅದನ್ನು ಬೇರ್ಪಡಿಸಿ ಎಷ್ಟಿದೆ ಎಂದು ಅಳೆಯುವುದು ನನಗೆ ಬಂದ ಕೆಲಸ.

ಐದು ಗ್ರಾಂ ಪುಡಿಯನ್ನು 20 ಮಿ.ಲೀ. ಈಥೈಲ್ ಅಸಿಟೇಟ್‌ನಲ್ಲಿ ಕರಗಿಸಿದೆ. ತಳದಲ್ಲಿ ಬೆಳ್ಳನೆಯ ಗಷ್ಟು ಉಳಿಯಿತು. ಅದರ ಮೇಲೆ ಒಂದು ತೊಟ್ಟು ದುರ್ಬಲ ಆಮ್ಲ ಬಿಟ್ಟರೆ ಬುರುಬುರು ನೊರೆ. ಖಿಯೋಸ್‌ನಲ್ಲಿ ತೊಗಟೆಗೆ ಗೀರು ಹಾಕುವ ಮೊದಲು ಮರದ ಬುಡದಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್‌ನ ಬಿಳಿ ಪುಡಿ ಹರಡುತ್ತಾರೆ. ಉದುರಿದ ಹನಿಗಳಿಗೆ ಅಂಟಿ ಬಂದದ್ದು ಅದೇ. ಸೋಸದೆ ಮುಂದುವರಿದಿದ್ದರೆ ಅದನ್ನೂ ಪಾಲಿಮರ್ ಎಂದೇ ತೂಗಿಬಿಡುತ್ತಿದ್ದೆ.

ಈ ಪಾಲಿಮರ್ ಮೆಥನಾಲ್‌ನಲ್ಲಿ ಕರಗದು. ಹಾಗಾಗಿ ಸೋಸಿದ ದ್ರಾವಣವನ್ನು 200 ಮಿ.ಲೀ. ತಣ್ಣನೆಯ ಮೆಥನಾಲ್‌ಗೆ ಹನಿಹನಿಯಾಗಿ ಬಿಟ್ಟು ರಾತ್ರಿಯಿಡೀ ಇಟ್ಟೆ. ಬೆಳಿಗ್ಗೆ ಗಾಜಿನ ಕಡ್ಡಿ ಎತ್ತಿದಾಗ ಹಲಸಿನ ಮೇಣದಂತಹ ಬಿಳಿ ಮುದ್ದೆ ಎಳೆಎಳೆಯಾಗಿ ಜೊತೆಗೇ ಎದ್ದು ಬಂತು. ಅಷ್ಟು ಚೆಂದದ ದೃಶ್ಯವನ್ನು ನಮ್ಮ ಪ್ರಯೋಗಾಲಯದಲ್ಲಿ ನಾನು ಅದಕ್ಕೂ ಮೊದಲು ಕಂಡಿರಲಿಲ್ಲ. ಒಣಗಿಸಿ ತೂಗಿದೆ: 1.9 ಗ್ರಾಂ, ಅಂದರೆ ಶೇ. 38. ಬಹಳ ಹೆಚ್ಚಾಯಿತು.

ಅತಿಗೆಂಪು ರೋಹಿತ ತೆಗೆದಾಗ ಕಾರಣ ತಿಳಿಯಿತು. ಈ ಪಾಲಿಮರ್‌ನಲ್ಲಿ ಇರಬೇಕಾದದ್ದು ಇಂಗಾಲ ಮತ್ತು ಜಲಜನಕ ಮಾತ್ರ. ಆದರೂ 1700 ಸೆಂ.ಮೀ.⁻¹ ಆಸುಪಾಸಿನಲ್ಲಿ ಕಾರ್ಬೊನಿಲ್ (ಇಂಗಾಲ-ಆಮ್ಲಜನಕ ಜೋಡಿ ಬಂಧ) ಶಿಖರ ಎದ್ದು ನಿಂತಿತ್ತು. ರಾಳದಲ್ಲೇ ಇರುವ, ಆಮ್ಲಜನಕವುಳ್ಳ ಟ್ರೈಟರ್ಪೀನ್ ಆಮ್ಲಗಳು ಮುದ್ದೆಯೊಳಗೆ ಸಿಕ್ಕಿಕೊಂಡಿದ್ದವು. ಮತ್ತೆ ಕರಗಿಸಿ ಶುದ್ಧಗೊಳಿಸೋಣ ಎಂದರೆ, ಎರಡು ದಿನ ಒಣಗಿದ್ದ ಮುದ್ದೆ ಟಿಎಚ್‌ಎಫ್ (ಟೆಟ್ರಾಹೈಡ್ರೊಫ್ಯುರಾನ್) ದ್ರಾವಕದಲ್ಲಿ ಉಬ್ಬಿತೇ ಹೊರತು ಕರಗಲಿಲ್ಲ. ಬೇರ್ಪಟ್ಟ ಈ ಪಾಲಿಮರ್ ಗಾಳಿಗೆ ತೆರೆದಿದ್ದರೆ ಸರಪಳಿಗಳು ಅಡ್ಡಡ್ಡ ಬೆಸೆದುಕೊಳ್ಳುತ್ತವೆ. ಆ ಮಾದರಿ ಕೈಬಿಟ್ಟುಹೋಯಿತು, ಬಹಳ ಸಂಕಟವಾಯಿತು.

ಎರಡನೆಯ ಸಲ ಪೂರ್ತಿ ಒಣಗಲು ಬಿಡಲೇ ಇಲ್ಲ. ಮುದ್ದೆ ಹಸಿಯಾಗಿರುವಾಗಲೇ ಟಿಎಚ್‌ಎಫ್‌ನಲ್ಲಿ ಕರಗಿಸಿ, ಮೆಥನಾಲ್‌ಗೆ ಬಿಟ್ಟು, ಇದನ್ನೇ ಇನ್ನೊಮ್ಮೆ ಮಾಡಿದೆ. ಕಾರ್ಬೊನಿಲ್ ಶಿಖರ ತಳಗೆರೆಗೆ ಇಳಿಯಿತು. ಕೊನೆಗೆ 25 ಮಿ.ಲೀ. ಫ್ಲಾಸ್ಕಿನಲ್ಲಿ ಗುರುತಿನವರೆಗೆ ತುಂಬಿ, ಅದರಿಂದ ಒಂದೊಂದು ಮಿ.ಲೀ.ಯನ್ನು ಮೊದಲೇ ತೂಗಿಟ್ಟ ಮೂರು ಅಲ್ಯೂಮಿನಿಯಂ ಬಟ್ಟಲುಗಳಲ್ಲಿ ಒಣಗಿಸಿದೆ. ಸರಾಸರಿ 44 ಮಿಲಿಗ್ರಾಂ. 25ರಿಂದ ಗುಣಿಸಿದರೆ 1.1 ಗ್ರಾಂ, ಶೇ. 22. ಒಣಗಿ ಹಾಳಾದರೂ ಚಿಂತೆಯಿಲ್ಲದ್ದು ಆ ಮೂರು ಬಟ್ಟಲು ಮಾತ್ರ. ಉಳಿದ ದ್ರಾವಣವನ್ನು ಕತ್ತಲಲ್ಲಿ, ತಂಪಿನಲ್ಲಿ, ನೈಟ್ರೋಜನ್ ತುಂಬಿ ಮುಚ್ಚಿಟ್ಟು ಮರುದಿನವೇ ಜಿಪಿಸಿ ಯಂತ್ರಕ್ಕೆ, ಅಂದರೆ ಅಣುಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸಿ ಅಣುತೂಕ ಅಂದಾಜಿಸುವ ಯಂತ್ರಕ್ಕೆ, ಕೊಟ್ಟೆ.

ಸರಪಳಿಗಳ ಉದ್ದ ಒಂದೇ ಸಮನಲ್ಲದ ಕಾರಣ ರೇಖೆ ಅಗಲವಾಗಿ ಬಂತು. ಯಂತ್ರವನ್ನು ಹೊಂದಿಸಿದ್ದು ಅಣುತೂಕ ಮೊದಲೇ ಗೊತ್ತಿರುವ ಪಾಲಿಸ್ಟೈರೀನ್ ಎಂಬ ಬೇರೊಂದು ಪಾಲಿಮರ್‌ನ ಮಾನಕಗಳಿಂದ. ಹಾಗಾಗಿ ನನ್ನ ಪುಸ್ತಕದಲ್ಲಿ ಪ್ರತಿ ಅಣುತೂಕದ ಮುಂದೆಯೂ ‘ಪಾಲಿಸ್ಟೈರೀನ್‌ಗೆ ಹೋಲಿಸಿ’ ಎಂದು ಬರೆದಿದ್ದೇನೆ.