59ನೇ ಅಂಗಿಯವನನ್ನು ನೋಡುತ್ತಾ ಆಟ ಕಲಿತದ್ದು

2012ರಲ್ಲಿ ಕೆಲಸದ ಮೇಲೆ ಉತ್ತರ ಕ್ಯಾರೊಲಿನಾದ ಶಾರ್ಲೆಟ್‌ಗೆ ಬಂದಾಗ ಅಮೆರಿಕನ್ ಫುಟ್‌ಬಾಲ್ ನನಗೆ ಜಾತ್ರೆಯ ಗುಂಪು ಜಗಳದಂತೆ ಕಾಣುತ್ತಿತ್ತು. ಐದು ಸೆಕೆಂಡು ಗುದ್ದಾಟ, ಅರ್ಧ ನಿಮಿಷ ವಿರಾಮ, ಮತ್ತೆ ಐದು ಸೆಕೆಂಡು ಗುದ್ದಾಟ. ಕಬಡ್ಡಿ ನೋಡಿ ಬೆಳೆದವನಿಗೆ ಹಿಡಿತ ಅರ್ಥವಾಗುತ್ತಿತ್ತು, ಆ ವಿರಾಮ ಮಾತ್ರ ಅರ್ಥವಾಗುತ್ತಿರಲಿಲ್ಲ. ಪಕ್ಕದ ಮೇಜಿನ ಹಿರಿಯ ಸಹೋದ್ಯೋಗಿಯೊಬ್ಬರು ನನ್ನ ಗೋಳು ಕೇಳಿ, ಚೆಂಡನ್ನು ನೋಡುವುದು ಬಿಟ್ಟು 59ನೇ ಅಂಗಿಯವನನ್ನು ನೋಡಲು ಹೇಳಿದರು. ನನ್ನ ನೋಟ್‌ಬುಕ್ ಶುರುವಾದದ್ದು ಹಾಗೆ.

59 ಎಂದರೆ ಲ್ಯೂಕ್ ಕೀಕ್ಲಿ. ಓಹಾಯೊದ ಸಿನ್ಸಿನಾಟಿ ಕಡೆಯವನು. ಬಾಸ್ಟನ್ ಕಾಲೇಜಿನಲ್ಲಿ ಆಡಿ, ತಂಡಗಳು ಕಾಲೇಜು ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ಆ ವರ್ಷ ಒಂಬತ್ತನೆಯವನಾಗಿ ನಮ್ಮೂರ ತಂಡವಾದ ಕ್ಯಾರೊಲಿನಾ ಪ್ಯಾಂಥರ್ಸ್‌ಗೆ ಬಂದಿದ್ದ. ಊರಿಗೆ ನಾವಿಬ್ಬರೂ ಒಂದೇ ವರ್ಷದ ಹೊಸಬರು. ಮೊದಲ ಋತುವಿನಲ್ಲೇ ಅವನದು 164 ಟ್ಯಾಕಲ್, ಎಂದರೆ ಚೆಂಡು ಹಿಡಿದವನನ್ನು ಕೆಡವಿದ್ದು; ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನಲ್ಲೇ ಅತಿ ಹೆಚ್ಚು. ಮರುವರ್ಷ ಲೀಗಿನ ಅತ್ಯುತ್ತಮ ರಕ್ಷಣಾ ಆಟಗಾರನಾದ. ನಾನು ಅಷ್ಟರಲ್ಲಿ ಚಾಲನಾ ಪರವಾನಗಿ ಪಡೆದಿದ್ದೆ.

ಅವನ ಜಾಗದ ಹೆಸರು ಲೈನ್‌ಬ್ಯಾಕರ್. ಮುಂದಿನ ಸಾಲಿನ ದೈತ್ಯರ ಬೆನ್ನ ಹಿಂದೆ ನಾಲ್ಕೈದು ಗಜ ಬಿಟ್ಟು ನಿಲ್ಲಬೇಕು. ಎದುರಾಳಿ ಚೆಂಡು ಹಿಡಿದು ಓಡುವುದಾದರೆ ಮುಂದಕ್ಕೆ ನುಗ್ಗಬೇಕು, ಎಸೆಯುವುದಾದರೆ ಹಿಂದಕ್ಕೆ ಸರಿಯಬೇಕು. ಒಂದು ಹೆಜ್ಜೆ ತಪ್ಪಿದರೂ ತಿದ್ದಿಕೊಳ್ಳಲು ಸಮಯವಿಲ್ಲ. ನಡುವೆ ನಿಲ್ಲುವವನನ್ನು ‘ಮೈಕ್’ ಎನ್ನುತ್ತಾರೆ. ರಕ್ಷಣೆಯ ನಾಯಕತ್ವ ಸಾಮಾನ್ಯವಾಗಿ ಅವನದೇ. ಹಾಗೆ ನಾಯಕನಾದವನ ಹೆಲ್ಮೆಟ್ಟಿನ ಹಿಂಬದಿಯಲ್ಲಿ ಒಂದು ಹಸಿರು ಚುಕ್ಕೆ ಇರುತ್ತದೆ, ಒಳಗೆ ಕೋಚ್‌ನ ಮಾತು ಕೇಳಿಸುವ ಪುಟ್ಟ ಸ್ಪೀಕರ್. ಮುಂದಿನ ಆಟ ಶುರುಮಾಡಲು ಕೊಡುವ ಗಡಿಯಾರದಲ್ಲಿ 15 ಸೆಕೆಂಡು ಉಳಿದಾಗ ಆ ಮಾತು ಕಡಿದುಹೋಗುತ್ತದೆ. ಅಲ್ಲಿಂದಾಚೆಗೆ ಅವನ ಬುದ್ಧಿ ಅವನಿಗೆ. ನನಗೆ ಅರ್ಥವಾಗದಿದ್ದ ವಿರಾಮದಲ್ಲಿ ನಡೆಯುತ್ತಿದ್ದದ್ದು ಇದು.

ನಾನು ಮಾಡಿದ್ದು ಇಷ್ಟು. ಮಂಗಳವಾರ ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ ಭಾನುವಾರದ ಪಂದ್ಯವನ್ನು ಮತ್ತೆ ಹಾಕುತ್ತಿದ್ದೆ. ಟಿವಿಯ ಸಾಮಾನ್ಯ ನೋಟವಲ್ಲ, ಚಂದಾ ಕಟ್ಟಿದವರಿಗೆ ಸಿಗುತ್ತಿದ್ದ, ಇಪ್ಪತ್ತೆರಡು ಆಟಗಾರರೂ ಒಟ್ಟಿಗೆ ಕಾಣುವ ಆಲ್-22 ನೋಟ. ಚೆಂಡು ಕದಲುವ ಮುನ್ನ ನಿಲ್ಲಿಸಿ ಬರೆಯುತ್ತಿದ್ದೆ: ಓಟವೋ ಎಸೆತವೋ, ಯಾವ ಕಡೆಗೆ. ಆಮೇಲೆ ಬಿಟ್ಟು ನೋಡಿ, ಆದದ್ದನ್ನು ಮೂರನೇ ಕಾಲಂನಲ್ಲಿ. ಮೊದಲ ತಿಂಗಳು ನಾಣ್ಯ ಚಿಮ್ಮಿದ್ದರೂ ಅಷ್ಟೇ ಸರಿಯಾಗುತ್ತಿತ್ತು.

ನನ್ನ ತಪ್ಪು, ಚೆಂಡು ಪಡೆದು ಎಸೆಯುವ ಇಲ್ಲವೇ ಓಟಗಾರನಿಗೆ ಕೊಡುವ ಕ್ವಾರ್ಟರ್‌ಬ್ಯಾಕ್‌ನನ್ನು ನೋಡಿದ್ದು. ಸುಳ್ಳು ಹೇಳುವುದೇ ಆತನ ಕಸುಬು. ಚೆಂಡನ್ನು ಓಟಗಾರನಿಗೆ ಕೊಟ್ಟಂತೆ ಮಾಡಿ ತನ್ನಲ್ಲೇ ಇಟ್ಟುಕೊಳ್ಳುತ್ತಾನೆ. ಕೀಕ್ಲಿಯ ಹೆಲ್ಮೆಟ್ ತಿರುಗಿರುತ್ತಿದ್ದುದು ಬೇರೆಡೆ, ಎದುರು ಸಾಲಿನ ನಡುವಿನವನ ಎಡಬಲಕ್ಕೆ ನಿಲ್ಲುವ ಗಾರ್ಡ್‌ಗಳ ಕಡೆ. ಗಾರ್ಡ್ ಮುಂದಕ್ಕೆ ತಗ್ಗಿ ನುಗ್ಗಿದರೆ ಓಟ. ಎದೆಯೆತ್ತಿ ಹಿಂದೆ ಸರಿದರೆ ಎಸೆತ. ಪಕ್ಕಕ್ಕೆ ಓಡಿದರೆ, ಹೆಚ್ಚು ಕಡಿಮೆ ಚೆಂಡೂ ಆ ಕಡೆಗೇ. ಕೆಲವರು ಇನ್ನೂ ಮೊದಲೇ ಗುಟ್ಟು ಬಿಡುತ್ತಾರೆ: ನುಗ್ಗಬೇಕಾದಾಗ ನೆಲಕ್ಕೂರಿದ ಬೆರಳುಗಳ ಮೇಲೆ ಭಾರ ಹಾಕಿ ಕೂರುತ್ತಾರೆ, ಹಿಂದೆ ಸರಿಯಬೇಕಾದಾಗ ಬೆರಳು ಹಗುರ. ಮೂರು ಕ್ವಿಂಟಲ್ ಅಕ್ಕಿ ಎತ್ತುವವನಂತಿರುವ ಆಳನ್ನು ಬೆರಳ ತುದಿಯಿಂದ ಓದುವುದರಲ್ಲಿ ನನಗೆ ವಿಚಿತ್ರ ಖುಷಿ ಸಿಕ್ಕಿತು. ಎರಡನೇ ಋತುವಿನ ಹೊತ್ತಿಗೆ ಹತ್ತರಲ್ಲಿ ಏಳು ಸರಿಯಾಗತೊಡಗಿದವು.

ಕೀಕ್ಲಿಯದು ನನ್ನ ಏಳರ ಲೆಕ್ಕವಲ್ಲ. ಎದುರಾಳಿಗಳು ನಿಂತ ಬಗೆಯನ್ನು ನೋಡಿಯೇ ಮುಂದೆ ಬರುವ ಆಟವನ್ನು ಕೂಗಿ ಹೇಳಿ, ತನ್ನವರನ್ನು ಕೈಸನ್ನೆಯಲ್ಲಿ ಅತ್ತಿತ್ತ ಸರಿಸುತ್ತಿದ್ದ. 2016ರ ಜನವರಿಯಲ್ಲಿ ಮೊದಲು ಸಿಯಾಟಲ್ ವಿರುದ್ಧ, ವಾರದ ನಂತರ ಅರಿಜೋನಾ ವಿರುದ್ಧ, ಎರಡೂ ಪಂದ್ಯಗಳಲ್ಲಿ ಎದುರಾಳಿಯ ಎಸೆತವನ್ನು ನಡುವೆ ಕಸಿದು, ಅವರ ಕೊನೆಯ ಗೆರೆಯಾಚೆ ಓಡಿ ಟಚ್‌ಡೌನ್ ಮಾಡಿದ. ಆ ಅರಿಜೋನಾ ಪಂದ್ಯದಲ್ಲೇ ಪಕ್ಕದ ಲೈನ್‌ಬ್ಯಾಕರ್ ಥಾಮಸ್ ಡೇವಿಸ್ ಮುಂಗೈ ಮುರಿದುಕೊಂಡ. ಎರಡು ವಾರದ ನಂತರ ಲೀಗಿನ ಅಂತಿಮ ಪಂದ್ಯವಾದ ಸೂಪರ್ ಬೌಲ್ 50ರಲ್ಲಿ ಅದೇ ಕೈಯಿಂದ ಆಡಿದ. ಡೇವಿಸ್‌ನ ಒಂದೇ ಮೊಣಕಾಲಿನ ಅಸ್ಥಿರಜ್ಜು ಅದಕ್ಕೂ ಮುನ್ನ ಮೂರು ಬಾರಿ ಹರಿದಿತ್ತು. ಊರೆಲ್ಲ ಅದನ್ನು ಕೊಂಡಾಡಿತು, ನಾನೂ ಕೊಂಡಾಡಿದೆ. ಪಂದ್ಯವನ್ನು ಡೆನ್ವರ್ 24-10ರಿಂದ ಗೆದ್ದಿತು.

2016ರ ನವೆಂಬರ್ 17, ಗುರುವಾರ ರಾತ್ರಿ, ನ್ಯೂ ಆರ್ಲಿಯನ್ಸ್ ವಿರುದ್ಧ. ನಾಲ್ಕನೇ ಕಾಲುಭಾಗದಲ್ಲಿ ತಲೆಗೆ ಪೆಟ್ಟು ಬಿದ್ದು ಕೀಕ್ಲಿ ಮೈದಾನದಲ್ಲೇ ಬಿಕ್ಕಳಿಸಿ ಅತ್ತ. ಉಸಿರಿಗೆ ತಡಕಾಡುವಂತೆ ಎದೆ ಹಾರುತ್ತಿತ್ತು. ಗಾಡಿಯಲ್ಲಿ ಕೂರಿಸಿ ಒಯ್ಯುವಾಗಲೂ ಅಳು ನಿಂತಿರಲಿಲ್ಲ. ಹಿಂದಿನ ವರ್ಷವೂ ಅವನ ಮೆದುಳಿಗೆ ಪೆಟ್ಟಾಗಿ ಮೂರು ಪಂದ್ಯ ತಪ್ಪಿತ್ತು. ಈ ಸಲ ಋತುವಿನ ಉಳಿದ ಆರೂ ಪಂದ್ಯಗಳು ತಪ್ಪಿದವು. ಮಂಗಳವಾರ ರೂಢಿಯಂತೆ ಪಂದ್ಯ ಹಾಕಿದೆ. ನಾಲ್ಕನೇ ಕಾಲುಭಾಗ ಬಂದಾಗ ಆರಿಸಿದೆ. ನೋಟ್‌ಬುಕ್ಕಿನಲ್ಲಿ ಆ ಪುಟ ಅರ್ಧಕ್ಕೇ ನಿಂತಿದೆ.

ಅವನು ಮರಳಿ ಬಂದ. 2017ರಲ್ಲಿ ಕುತ್ತಿಗೆಗೆ ಒಂದು ಪಟ್ಟಿ ಧರಿಸಿ ಆಡಿದ. ಅದು ಕುತ್ತಿಗೆಯ ರಕ್ತನಾಳವನ್ನು ಮೆಲ್ಲಗೆ ಒತ್ತಿ, ತಲೆಬುರುಡೆಯೊಳಗೆ ರಕ್ತ ತುಸು ಹೆಚ್ಚು ನಿಲ್ಲುವಂತೆ ಮಾಡಿ ಮೆದುಳು ಅಲುಗದಂತೆ ಕಾಯುತ್ತದೆ ಎಂಬ ನಂಬಿಕೆಯ ಮೇಲೆ ಮಾಡಿದ ಸಾಧನ. ಆ ವರ್ಷವೂ ತಲೆಗೆ ಪೆಟ್ಟಾಯಿತು. ಆ ವರ್ಷ ಮತ್ತು ಅದರ ಮರುವರ್ಷ ಲೀಗಿನ ಅತ್ಯುತ್ತಮರ ಪಟ್ಟಿಯಲ್ಲೂ ಇದ್ದ. 2020ರ ಜನವರಿ 14ರಂದು ನಿವೃತ್ತಿ ಘೋಷಿಸಿದಾಗ ಅವನಿಗೆ 28 ವರ್ಷ. ಎಂಟು ಋತು, 118 ಪಂದ್ಯ, ಸಾವಿರಕ್ಕೂ ಮೀರಿದ ಟ್ಯಾಕಲ್. ಆಡುವ ಆಸೆ ಇನ್ನೂ ಇದೆ, ಆದರೆ ಅದು ಸರಿಯಾದ ನಿರ್ಧಾರವಲ್ಲ ಎಂಬರ್ಥದಲ್ಲಿ ವಿಡಿಯೊದಲ್ಲಿ ಹೇಳಿ, ಮಾತಿನ ನಡುವೆ ಗಂಟಲು ಕಟ್ಟಿ ನಿಂತ. ಕಚೇರಿಯಲ್ಲಿ ಆ ದಿನ ಯಾರೂ ಅವಸರದ ನಿವೃತ್ತಿ ಎನ್ನಲಿಲ್ಲ.

ಈಗ ನನ್ನದು ಮೂರನೇ ನೋಟ್‌ಬುಕ್. ಬೇರೆ ಬೇರೆ ತಂಡಗಳ ಮೈಕ್‌ಗಳನ್ನು ನೋಡುತ್ತೇನೆ, ಕಾಲಂಗಳು ಅವೇ. ಒಂದು ಅಭ್ಯಾಸ ಮಾತ್ರ ಸೇರಿಕೊಂಡಿದೆ. ಆಟ ಮುಗಿದ ಕೂಡಲೇ ಬರೆಯುವುದಿಲ್ಲ. ಆಳುಗಳ ರಾಶಿ ಕರಗಿ, ಲೈನ್‌ಬ್ಯಾಕರ್ ಎದ್ದು ನಾಲ್ಕು ಹೆಜ್ಜೆ ನೆಟ್ಟಗೆ ನಡೆದ ಮೇಲೆ ಮೂರನೇ ಕಾಲಂ ತುಂಬುತ್ತೇನೆ.